ಹಳೆಯ ಸಗಣಿ ಗುಂಡಿಯನ್ನು ಮುಚ್ಚುವ ಬಗೆ

(ರೈತರ ಸಭೆಯಲ್ಲಿ ಮಾಡಿದ ಭಾಷಣ)



ಸಗಣಿಯ ಬೆಲೆಯನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈ ದಿನ ನಾನು ಹೇಳಹೊರಟಿರುವುದು ಬಳಕೆ ತಪ್ಪಿದ ಗುಂಡಿಯ ವಿಷಯ. ಸೀಮೆಹಸು ಕಟ್ಟಿದವರು ಕೊಟ್ಟಿಗೆ ತೊಳೆದ ನೀರು, ಸಗಣಿ, ಗಂಜಲ ಹರಿದು ಬೀಳಲೆಂದು ಹಿತ್ತಲಲ್ಲಿ ಆಳವಾದ ಗುಂಡಿ ತೆಗೆಸುತ್ತಾರೆ. ಮುಂದೆ ಹಸು ಮಾರುತ್ತಾರೆ, ಇಲ್ಲವೆ ಕೊಟ್ಟಿಗೆಯನ್ನು ಬೇರೆ ಕಡೆ ಕಟ್ಟುತ್ತಾರೆ. ಗುಂಡಿ ಮಾತ್ರ ಹಾಗೆಯೇ ಉಳಿಯುತ್ತದೆ. "ಇದ್ದರೆ ಇರಲಿ, ಅದೇನು ಮೇವು ಕೇಳುತ್ತದೆಯೇ?" ಎನ್ನುತ್ತೇವೆ. ಮೇವು ಕೇಳುವುದಿಲ್ಲ, ನಿಜ. ಒಂದು ದಿನ ಪ್ರಾಣವನ್ನೇ ಕೇಳೀತು.

ಮೇಲಿನ ಸಗಣಿ ಒಣಗಿ ಹಕ್ಕಳೆಗಟ್ಟಿ ಹುಲ್ಲು ಬೆಳೆಯುತ್ತದೆ. ನೋಡಿದವರಿಗೆ ನೆಲದಂತೆ ಕಾಣುತ್ತದೆ. ಆಡುವ ಮಗುವಾಗಲಿ, ಕರುವಾಗಲಿ ಕಾಲಿಟ್ಟರೆ ಒಳಗೆ ಹೂತುಹೋಗುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಕಣ್ಣಿಗೆ ಕಾಣದು. ಗಾಳಿಯಾಡದೆ ಕೊಳೆತ ಸಗಣಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಸ್ವಲ್ಪವಿದ್ದರೆ ಕೊಳೆತ ಮೊಟ್ಟೆಯಂತೆ ನಾರುತ್ತದೆ. ಹೆಚ್ಚಾದರೆ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ಬಗ್ಗಡ ಕದಡಿದಾಗ ಅದು ಒಮ್ಮೆಲೇ ಮೇಲೇಳುತ್ತದೆ. ಒಂದೆರಡು ಉಸಿರಿನಲ್ಲಿ ಪ್ರಜ್ಞೆ ತಪ್ಪಬಹುದು. ಅಪ್ಪ ಬಿದ್ದನೆಂದು ಮಗ, ಮಗ ಬಿದ್ದನೆಂದು ಅಣ್ಣ ತಮ್ಮಂದಿರು ಇಳಿದು ಒಂದೇ ಮನೆಯ ಹಲವರು ಸಾಯುವುದು ಹೀಗೆಯೇ. ಬಾವಿಗೆ ಬಿಡುವಂತೆ ದೀಪ ಬಿಟ್ಟು ನೋಡಬೇಡಿ. ಒಲೆ ಉರಿಸುವ ಗೋಬರ್ ಗ್ಯಾಸೇ ಅಲ್ಲಿಯೂ ಇರುವುದರಿಂದ ಬೆಂಕಿ ಹತ್ತಿಕೊಳ್ಳುತ್ತದೆ.

ಮೂರನೆಯದು ಕುಡಿಯುವ ನೀರು. ಗುಂಡಿಯ ರಸ ನೆಲದೊಳಗೆ ಇಂಗಿ ಬಾವಿ, ಬೋರ್‌ವೆಲ್ ಸೇರಬಹುದು. ಅದರಲ್ಲಿರುವ ನೈಟ್ರೇಟು ಲೀಟರಿಗೆ 45 ಮಿಲಿಗ್ರಾಂ ಮೀರಿದರೆ ಆ ನೀರು ಕುಡಿಯಲು ತಕ್ಕದ್ದಲ್ಲ. ಆರು ತಿಂಗಳೊಳಗಿನ ಹಸುಗೂಸುಗಳಿಗೆ ಅಪಾಯ ಹೆಚ್ಚು. ನೀರು ಕುದಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟು ಹೋಗುವುದಿಲ್ಲ. ಗುಂಡಿಯ ಹತ್ತಿರ ಬಾವಿ ಇದ್ದವರು ನೀರನ್ನು ಪರೀಕ್ಷೆ ಮಾಡಿಸಿ.

ಇನ್ನು ಮುಚ್ಚುವ ಕ್ರಮ. ಬೇಸಿಗೆಯಲ್ಲಿ, ರೋಹಿಣಿ ಮಳೆಗೆ ಮೊದಲೇ ಕೆಲಸ ಮುಗಿಸಿ. ಮೊದಲು ಗುಂಡಿಗೆ ಬೀಳುವ ಕೊಟ್ಟಿಗೆಯ ಕಾಲುವೆಯನ್ನೂ ಮಳೆನೀರನ್ನೂ ಬೇರೆ ಕಡೆ ತಿರುಗಿಸಿ. ಆಮೇಲೆ ತೆಳು ಬಗ್ಗಡವನ್ನು ಪಂಪಿನಿಂದ, ಗಟ್ಟಿಯಾದುದನ್ನು ಜೆಸಿಬಿಯಿಂದ ಮೇಲಿನಿಂದಲೇ ತೆಗೆಸಿ. ಒಬ್ಬರೇ ಮಾಡಬೇಡಿ. ಗಾಳಿ ಬರುವ ದಿಕ್ಕಿನಲ್ಲಿ, ಅಂಚಿನಿಂದ ದೂರ ನಿಲ್ಲಿ. ಮಕ್ಕಳು, ದನಗಳು ಹತ್ತಿರ ಬಾರದಿರಲಿ, ಬೀಡಿ ಹಚ್ಚಬೇಡಿ. ಯಾವ ಕಾರಣಕ್ಕೂ ಗುಂಡಿಗೆ ಇಳಿಯಬೇಡಿ. ಯಾರಾದರೂ ಬಿದ್ದರೆ ಹಿಂದೆಯೇ ಇಳಿಯದೆ 112ಕ್ಕೆ ಫೋನ್ ಮಾಡಿ.

ತೆಗೆದದ್ದು ಕಸವಲ್ಲ, ಗೊಬ್ಬರ. ಅದನ್ನು ಹೊಲಕ್ಕೆ ಹರಡಿ ಅಂದೇ ಉತ್ತು ಮಣ್ಣಿಗೆ ಬೆರೆಸಿ. ಬಾವಿ, ಕೆರೆ, ಹಳ್ಳದ ಬಳಿ ಸುರಿಯಬೇಡಿ. ಗುಂಡಿಯ ತಳದ, ಪಕ್ಕದ ಕಪ್ಪು ಮಣ್ಣನ್ನೂ ಕೆರೆದು ತೆಗೆಸಿ, ಅದರಲ್ಲಿಯೂ ಸಾರವಿದೆ.

ಖಾಲಿಯಾದ ಗುಂಡಿಗೆ ಶುದ್ಧ ಮಣ್ಣನ್ನೇ ತುಂಬಿ. ಸೋಗೆ, ಕಸ, ಪ್ಲಾಸ್ಟಿಕ್ ಹಾಕಿದರೆ ನೆಲ ಕುಸಿಯುತ್ತದೆ. ಅರ್ಧ ಅಡಿ ಮಣ್ಣು ಹಾಕಿದಂತೆಲ್ಲ ನೀರು ಚಿಮುಕಿಸಿ, ಯಂತ್ರದಿಂದ ಒತ್ತಿಸಿ ಗಟ್ಟಿ ಮಾಡಿ. ಮಣ್ಣು ಮುಂದೆ ಇಳಿಯುವುದರಿಂದ ಸುತ್ತಲ ನೆಲಕ್ಕಿಂತ ಒಂದಡಿ ಎತ್ತರಕ್ಕೆ ಗುಡ್ಡೆ ಮಾಡಿ. ಅದರ ಮೇಲೆ ಮನೆ, ಕೊಟ್ಟಿಗೆ ಕಟ್ಟಬೇಡಿ. ನಾಲ್ಕು ಬಾಳೆ ನೆಡಿ. ಉಳಿದ ಸಾರವನ್ನು ಬಾಳೆ ಹೀರಿ ಗೊನೆ ಕೊಡುತ್ತದೆ.

ಈ ವರ್ಷ ಮುಚ್ಚಲು ಕೈಯಲ್ಲಿ ಹಣವಿಲ್ಲದವರು ಸುತ್ತ ಗಟ್ಟಿಯಾದ ಮುಳ್ಳುಬೇಲಿಯನ್ನಾದರೂ ಹಾಕಿ. ಮನೆಗೆ ಹೋದೊಡನೆ ಹಿತ್ತಲಿಗೆ ಹೋಗಿ ಒಮ್ಮೆ ನೋಡಿ. ಗುಂಡಿ ಎಲ್ಲಿದೆ ಎಂದು ಮಕ್ಕಳಿಗೂ ತೋರಿಸಿ ಎಚ್ಚರ ಹೇಳಿ.