ಅವಸರದ ಚರ್ಮ

ಜಾಲ್ಸೂರಿನ ಕಡೆ ಅಡಿಕೆ ಮರ ಹತ್ತುವವರಿಗೆ ಕಾಲು ತರಚುವುದು ಹೊಸದಲ್ಲ. ನಾಲ್ಕು ದಿನದಲ್ಲಿ ಮಾಯುತ್ತದೆ. ಆದರೆ ಸೋರಿಯಾಸಿಸ್ ಇದ್ದವರಿಗೆ ಒಂದೆರಡು ವಾರ ಕಳೆದು, ತರಚಿದ ಗೆರೆಯ ಉದ್ದಕ್ಕೇ ಕೆಂಪು ದಡಿಕೆ ಎದ್ದು, ಮೇಲೆ ಬಿಳಿ ಹೊಟ್ಟು ಕೂರಬಹುದು. ಜರ್ಮನಿಯ ವೈದ್ಯ ಹೈನ್ರಿಶ್ ಕೋಬ್ನರ್ 19ನೇ ಶತಮಾನದಲ್ಲೇ ಇದನ್ನು ಗುರುತಿಸಿದ್ದರು. ನಮ್ಮಲ್ಲಿ ಮಾತ್ರ ಇದು ಗಜಕರ್ಣ ಎಂದುಕೊಂಡು ಮೆಡಿಕಲ್‌ನಿಂದ ಟ್ಯೂಬು ತರುವವರೇ ಹೆಚ್ಚು. ಗಜಕರ್ಣ ಶಿಲೀಂಧ್ರದಿಂದ ಬರುತ್ತದೆ, ಅಂಟುತ್ತದೆ. ಸೋರಿಯಾಸಿಸ್ ಅಂಟುವುದೇ ಇಲ್ಲ.

ಚರ್ಮದ ಅಡಿಪದರದಲ್ಲಿ ಹುಟ್ಟಿದ ಕೋಶ ಮೇಲೇರಿ ಉದುರಲು ಸುಮಾರು ಒಂದು ತಿಂಗಳು ಬೇಕು. ಸೋರಿಯಾಸಿಸ್‌ನಲ್ಲಿ ನಾಲ್ಕೈದು ದಿನದಲ್ಲೇ ಮೇಲೆ ಬಂದುಬಿಡುತ್ತದೆ. ಬಲಿಯಲು ಪುರುಸೊತ್ತಿಲ್ಲ. ಉದುರಿದ ಹೊಟ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಅಷ್ಟರೊಳಗೆ ಕರಗಿರಬೇಕಿದ್ದ ಕೋಶಕೇಂದ್ರ ಇನ್ನೂ ಕಾಣುತ್ತದೆ. ಈ ಅವಸರ ಹಚ್ಚಿದ್ದು ನಮ್ಮದೇ ರಕ್ಷಣಾ ಕೋಶಗಳು. ಚರ್ಮದಲ್ಲಿ ಕಾವಲಿರುವ ಕೆಲವು ಕೋಶಗಳು ಐಎಲ್-23 ಎಂಬ ಪ್ರೋಟೀನು ಬಿಡುತ್ತವೆ. ಅದು ತಾಗಿದ ಟಿ-ಕೋಶಗಳೆಂಬ ರಕ್ಷಣಾ ಕೋಶಗಳು ಐಎಲ್-17 ಎಂಬ ಇನ್ನೊಂದು ಪ್ರೋಟೀನು ಬಿಡುತ್ತವೆ. ಅದರಿಂದ ಕೆರಳಿದ ಚರ್ಮದ ಕೋಶ ಬೇಗ ಬೇಗ ಎರಡಾಗುವುದಲ್ಲದೆ, ತಾನೂ ರಾಸಾಯನಿಕ ಬಿಟ್ಟು ಇನ್ನಷ್ಟು ಟಿ-ಕೋಶಗಳನ್ನು ಕರೆಸಿಕೊಳ್ಳುತ್ತದೆ. ಸುತ್ತು ಮುಗಿಯುವುದೇ ಇಲ್ಲ. ಮದ್ದು ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ತುಂಡರಿಸಬೇಕು.

ಡಿ ಜೀವಸತ್ವವನ್ನು ಹೋಲುವ ಕ್ಯಾಲ್ಸಿಪೊಟ್ರಿಯಾಲ್ ಮುಲಾಮು ಚರ್ಮದ ಕೋಶದ ವಿಭಜನೆ ನಿಧಾನಿಸಿ ಬಲಿಯಲು ಬಿಡುತ್ತದೆ. ಸ್ಟೀರಾಯ್ಡ್ ಕೋಶಕೇಂದ್ರಕ್ಕೇ ಹೋಗಿ ಉರಿಯೂತದ ಜೀನ್‌ಗಳನ್ನು ಅಡಗಿಸುತ್ತದೆ. ಆದರೆ ಸ್ಟೀರಾಯ್ಡ್ ಗುಳಿಗೆಯನ್ನೋ ಇಂಜೆಕ್ಷನ್ನನ್ನೋ ತಟ್ಟನೆ ನಿಲ್ಲಿಸಿದರೆ ಮೈತುಂಬ ಕೀವುಗುಳ್ಳೆ ಏಳುವುದುಂಟು.

ಮೆಥೋಟ್ರೆಕ್ಸೇಟ್ ಹಳೆಯದು, ಅಗ್ಗ, ಇಂದಿಗೂ ನಂಬಿಕಸ್ಥ. ಕೋಶ ಎರಡಾಗಲು ಹೊಸ ಡಿಎನ್‌ಎ ಬೇಕು, ಅದಕ್ಕೆ ಫೋಲಿಕ್ ಆಮ್ಲ ಬೇಕು. ಈ ಮದ್ದು ಅದನ್ನೇ ತಡೆಯುತ್ತದೆ. ಸೋರಿಯಾಸಿಸ್‌ಗೆ ಕೊಡುವ ಸಣ್ಣ ಪ್ರಮಾಣದಲ್ಲಿ ಅಡೆನೊಸಿನ್ ಹೆಚ್ಚಿಸಿ ಟಿ-ಕೋಶಗಳನ್ನೂ ಶಾಂತಗೊಳಿಸುತ್ತದೆ. ಫೋಲಿಕ್ ಆಮ್ಲಕ್ಕೆ ಎದುರು ನಿಲ್ಲುವ ಈ ಬಗೆಯ ಔಷಧಗಳ ಹಿಂದೆ ಆಂಧ್ರದ ಭೀಮಾವರಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಯಲ್ಲಾಪ್ರಗಡ ಸುಬ್ಬರಾವ್ ಅವರ ದುಡಿಮೆಯಿದೆ. ಒಂದು ಮಾತು ಗಟ್ಟಿಯಾಗಿ ಹೇಳಲೇಬೇಕು: ಇದು ವಾರಕ್ಕೊಮ್ಮೆ ತಿನ್ನುವ ಮಾತ್ರೆ. ತಪ್ಪಿ ದಿನಾ ತಿಂದರೆ ಮಜ್ಜೆಯಲ್ಲಿ ರಕ್ತ ಹುಟ್ಟುವುದೇ ನಿಂತು ಜೀವಕ್ಕೆ ಕುತ್ತು ಬಂದೀತು.

ಹೊಸ ಮದ್ದುಗಳು ಗುರಿಯಿಟ್ಟು ಹೊಡೆಯುತ್ತವೆ. ಅವುಗಳಲ್ಲೊಂದು ಬೆಂಗಳೂರಿನದು. ಬಯೋಕಾನ್ ಕಂಪನಿ ಕ್ಯೂಬಾದ ವಿಜ್ಞಾನಿಗಳ ಜೊತೆ ಸೇರಿ ರೂಪಿಸಿ 2013ರಲ್ಲಿ ಮಾರುಕಟ್ಟೆಗೆ ತಂದ ಇಟೊಲಿಜುಮ್ಯಾಬ್. ಟಿ-ಕೋಶದ ಮೈಮೇಲೆ ಸಿಡಿ-6 ಎಂಬ ಪ್ರೋಟೀನಿದೆ. ಪ್ರತಿಕಾಯವಾದ ಈ ಮದ್ದು ಅದಕ್ಕೆ ಅಂಟಿಕೊಂಡರೆ ಟಿ-ಕೋಶ ಕೆರಳುವುದು ತಗ್ಗುತ್ತದೆ. ಕೋವಿಡ್ ಕಾಲದಲ್ಲಿ, 2020ರಲ್ಲಿ, ಉರಿಯೂತ ಮಿತಿಮೀರಿದ ರೋಗಿಗಳಿಗೂ ಇದೇ ಮದ್ದು ಕೊಡಲು ತುರ್ತು ಅನುಮತಿ ಸಿಕ್ಕಿತು. ಊರಿನ ಕಂಪನಿ ಎಂಬ ಅಭಿಮಾನ ಇರಲಿ, ಆದರೂ ಚರ್ಮ ತಿಳಿಯಾಗಿಸುವುದರಲ್ಲಿ ಸೆಕುಕಿನುಮ್ಯಾಬ್‌ನಂತೆ ಐಎಲ್-17 ಅನ್ನೇ ಹಿಡಿದು ನಿಲ್ಲಿಸುವವು ಮುಂದಿವೆ. ಬೆಲೆ ದುಬಾರಿ, ಶುರು ಮಾಡುವ ಮೊದಲು ಕ್ಷಯದ ಪರೀಕ್ಷೆಯೂ ಆಗಬೇಕು.

ಕಲೆ ಮಾಯವಾದ ಮೇಲೂ ಅದೇ ಜಾಗದ ಚರ್ಮದಲ್ಲಿ ಹಳೆಯದನ್ನು ನೆನಪಿಟ್ಟ ಟಿ-ಕೋಶಗಳು ಉಳಿದಿರುತ್ತವೆ. ಮದ್ದು ಬಿಟ್ಟ ಕೆಲವು ತಿಂಗಳಲ್ಲಿ ಅದೇ ಮೊಣಕೈ ಮತ್ತೆ ಕೆಂಪಾಗುವುದು ಅವುಗಳಿಂದ; ಉಪ್ಪು ಹುಳಿ ಬಿಡಲಿಲ್ಲವೆಂದು ರೋಗಿಯನ್ನು ಗದರಿಸಬೇಕಾಗಿಲ್ಲ.