ಗುಡ್ಡ ಹತ್ತಲು ಎಂಥ ಸೈಕಲ್ಲು ಬೇಕು?

(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಬೋನಸ್ಸಿನ ಮಾತು, ಪಗಾರದ ಮಾತು ಆಡುವವನನ್ನು ಇವತ್ತು ಸೈಕಲ್ಲಿನ ಮಾತಿಗೆ ನಿಲ್ಲಿಸಿದ್ದೀರಿ. ಕಾರಣ ಇಷ್ಟೇ. ಹೋದ ತಿಂಗಳು ನಮ್ಮ ಸದಸ್ಯ ಹುಡುಗನೊಬ್ಬ ನನ್ನ ಬಳಿ ಬಂದು, “ಅಣ್ಣಾ, ಗುಡ್ಡ ಹತ್ತುವ ಸೈಕಲ್ಲು ನೋಡಿಟ್ಟಿದ್ದೇನೆ. 38 ಸಾವಿರ. ಸಾಲಕ್ಕೆ ನೀವು ಜಾಮೀನು ನಿಲ್ಲಬೇಕು” ಎಂದ. ನಾನು ನಿಲ್ಲಲಿಲ್ಲ. ಅವನಿಗೆ ಸಿಟ್ಟು ಬಂದಿದೆ. ಈಗ ಹಿಂದಿನ ಸಾಲಿನಲ್ಲಿ ಕೂತು ನನ್ನ ಮುಖ ನೋಡದೆ ಗೋಡೆ ನೋಡುತ್ತಿದ್ದಾನೆ. ಅವನ ಆಸೆ ತಪ್ಪೆಂದು ನಾನು ಹೇಳುವುದಿಲ್ಲ. ನನಗೂ ಅದೇ ಹುಚ್ಚು ಇದ್ದದ್ದು.

ಏಳನೇ ಇಯತ್ತೆಗೆ ಶಾಲೆ ಬಿಟ್ಟ ನಾನು 2004ರ ಮಳೆಗಾಲದಲ್ಲಿ ಕುಂದಾಪುರದ ಕಡೆಯಿಂದ ನಾಸಿಕಕ್ಕೆ ಬಂದೆ. ಅಲ್ಲಿನ ಒಂದು ಹೋಟೆಲಿನಲ್ಲಿ ಮೊದಲು ಲೋಟ ತೊಳೆದೆ, ಆಮೇಲೆ ಮೇಜು ಒರೆಸಿದೆ. ಹೋಟೆಲಿಗೆ ಹಾಲು ತರಲು ಒಂದು ಹಳೆಯ ಕರಿ ಸೈಕಲ್ಲಿತ್ತು. ಇಪ್ಪತ್ತೆಂಟು ಇಂಚಿನ ಗಾಲಿ, ಸರಳಿನ ಬ್ರೇಕು, ಹಿಂದೆ ಎರಡು ಕ್ಯಾನು ಹಿಡಿಯುವ ಕ್ಯಾರಿಯರು. ಮಂಗಳವಾರ ಮಧ್ಯಾಹ್ನದ ಊಟದ ಗಿರಾಕಿ ಮುಗಿದ ಮೇಲೆ ನನಗೆ ಬಿಡುವು. ಅಡಿಗೆಯ ಭಟ್ಟರು ಒಂದು ದಿನ, “ಹಾಲಿನ ಹೊತ್ತಿಗೆ ತಂದು ನಿಲ್ಲಿಸಿದರಾಯಿತು, ತೆಗೆದುಕೊಂಡು ಹೋಗು ಮಾರಾಯ” ಎಂದರು. ಅಂದು ತ್ರ್ಯಂಬಕದ ದಾರಿ ಹಿಡಿದೆ.

ಇಪ್ಪತ್ತು ಕಿಲೋಮೀಟರು ಹೋದರೆ ಎಡಗಡೆಗೆ ಅಂಜನೇರಿ ಗುಡ್ಡ. ಆಂಜನೇಯ ಹುಟ್ಟಿದ ಸ್ಥಳವೆಂದು ಅಲ್ಲಿಯವರು ನಂಬುತ್ತಾರೆ. ನಮ್ಮ ಕಡೆಯವರು ಹಂಪಿಯ ಅಂಜನಾದ್ರಿ ಎನ್ನುತ್ತಾರೆ. ಆ ವ್ಯಾಜ್ಯ ಇತ್ಯರ್ಥ ಮಾಡುವವನು ನಾನಲ್ಲ. ಬುಡದ ಹಳ್ಳಿಯಿಂದ ಮೇಲಕ್ಕೆ ಹೋಗುವ ದಾರಿಯಲ್ಲಿ ಅರ್ಧ ತುಳಿದೆ, ಅರ್ಧ ತಳ್ಳಿದೆ. ಅಡಿಗೆಮನೆಯ ಹೊಗೆ ಕುಡಿದ ಎದೆಗೆ ಆ ಗಾಳಿ ಹೊಕ್ಕಾಗ ಏನಾಯಿತೆಂದು ಹೇಳಲು ನನಗೆ ಮಾತು ಬಾರದು. ಒಬ್ಬನೇ ಜೋರಾಗಿ ನಕ್ಕೆ. ದನ ಕಾಯುವ ಮುದುಕನೊಬ್ಬ ನನ್ನನ್ನು ಹುಚ್ಚನೆಂದು ತಿಳಿದಿರಬೇಕು.

ಇಳಿಯುವಾಗ ಬಿದ್ದೆ. ಅದನ್ನೂ ಹೇಳಬೇಕು. ಮುಂದಿನ ಬ್ರೇಕಿನ ರಬ್ಬರು ಸವೆದು ಹೋಗಿತ್ತು. ಹಿಂದಿನದೊಂದನ್ನೇ ಹಿಡಿದು ತಿರುವಿನಲ್ಲಿ ಜಾರಿದೆ. ಮೊಣಕೈ ಸುಲಿಯಿತು, ಗಾಲಿಯ ರಿಮ್ಮು ಸೊಟ್ಟಗಾಯಿತು. ರಿಮ್ಮಿನ ದುಡ್ಡು ಪಗಾರದಲ್ಲಿ ಮುರಿದುಕೊಂಡರು. ಸೈಕಲ್ಲು ಹಳೆಯದಾದದ್ದು ತಪ್ಪಲ್ಲ, ಹೊರಡುವ ಮುಂಚೆ ಬ್ರೇಕು ನೋಡದ್ದು ನನ್ನ ತಪ್ಪು.

ಇನ್ನೊಂದು ಸಂಗತಿ ಕೇಳಿ. ‘ಮೌಂಟನ್ ಬೈಕು’ ಎಂದು ಅಂಗಡಿಯ ಗಾಜಿನ ಒಳಗೆ ನಿಲ್ಲಿಸಿದ್ದಾರಲ್ಲ, ಅದು ಹುಟ್ಟಿದ್ದು ಗುಜರಿಯಲ್ಲಿ. ಅಮೆರಿಕೆಯ ಕ್ಯಾಲಿಫೋರ್ನಿಯಾದಲ್ಲಿ ಟಮಾಲ್‌ಪಾಯಿಸ್ ಎಂಬ ಬೆಟ್ಟವಿದೆ. 1970ರ ದಶಕದಲ್ಲಿ ಅಲ್ಲಿನ ಹುಡುಗರು ದಪ್ಪ ಟಯರಿನ ಹಳೇ ಸೈಕಲ್ಲುಗಳನ್ನು, ಅವರು ಹುಟ್ಟುವ ಮೊದಲೇ ತಯಾರಾದವನ್ನು, ಕೆಲವು ಡಾಲರಿಗೆ ಕೊಂಡು, ಮಡ್‌ಗಾರ್ಡು ಕಿತ್ತೆಸೆದು, ಮಣ್ಣಿನ ದಾರಿಯಲ್ಲಿ ಇಳಿಯುತ್ತಿದ್ದರು. ಒಂದು ಇಳಿಜಾರಿನಲ್ಲಿ ಹಿಂದಿನ ಗಾಲಿಯ ಬ್ರೇಕು ಎಷ್ಟು ಕಾಯುತ್ತಿತ್ತೆಂದರೆ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಬಿಚ್ಚಿ ಹೊಸ ಗ್ರೀಸು ತುಂಬಬೇಕು. ಆದ್ದರಿಂದ 1976ರಲ್ಲಿ ಶುರುವಾದ ಅವರ ಪಂದ್ಯಕ್ಕೆ ‘ರೀಪ್ಯಾಕ್’ ಎಂದೇ ಹೆಸರು ಬಂತು. ಜೋ ಬ್ರೀಜ್ ಎಂಬಾತ ಈ ಆಟಕ್ಕೆಂದೇ ಹೊಸ ಚೌಕಟ್ಟು ಕಟ್ಟಿದ್ದು ಅದರ ಮರುವರ್ಷ. ದೊಡ್ಡ ಕಂಪನಿಯ ಮಾಲು ಅಂಗಡಿಗೆ ಬಂದದ್ದು 1981ರಲ್ಲಿ. ಅಂದರೆ ಮೊದಲು ಮೋಜು ಬಂತು, ಮಾಲು ಆಮೇಲೆ. ನಮಗೆ ಈಗ ತಿರುಗಾಮುರುಗಾ ಹೇಳಿಕೊಡುತ್ತಿದ್ದಾರೆ.

ಬೆಲೆಬಾಳುವ ಸೈಕಲ್ಲನ್ನು ಹೀಯಾಳಿಸಲು ನಾನು ಬಂದಿಲ್ಲ. ನಾಸಿಕದ ವೈದ್ಯ ಸಹೋದರರು, ಹಿತೇಂದ್ರ ಮತ್ತು ಮಹೇಂದ್ರ ಮಹಾಜನ್, 2015ರಲ್ಲಿ ಅಮೆರಿಕೆಯ ಪಡುಗಡಲಿಂದ ಮೂಡುಗಡಲಿಗೆ ಸುಮಾರು 4,800 ಕಿಲೋಮೀಟರು ಪಾಳಿಯ ಮೇಲೆ ತುಳಿದು ಮುಗಿಸಿದರು. 2017ರಲ್ಲಿ ಸೈನ್ಯದ ವೈದ್ಯ ಶ್ರೀನಿವಾಸ್ ಗೋಕುಲನಾಥ್ ಅದೇ ದಾರಿಯನ್ನು ಒಬ್ಬರೇ ಮುಗಿಸಿದರು. ಹಾಗೆ ಮಾಡಿದ ಭಾರತೀಯರಲ್ಲಿ ಅವರೇ ಮೊದಲಿಗರು. ಅವರಿಗೆ ಹಗುರವಾದ ಒಳ್ಳೆಯ ಯಂತ್ರ ಬೇಕೇ ಬೇಕು. ನಮಗೆ ಬೇಕಾದದ್ದು ಮಂಗಳವಾರದ ನಾಲ್ಕು ಗಂಟೆ.

ಈಗ ಜಾಮೀನಿನ ವಿಷಯಕ್ಕೆ ಬರುತ್ತೇನೆ. ನಾಸಿಕ ಬಿಟ್ಟು ನಾನು ಔರಂಗಾಬಾದಿಗೆ ಹೋದೆ. ಈಗ ಅದು ಛತ್ರಪತಿ ಸಂಭಾಜಿನಗರ. ಅಲ್ಲಿ ಸಪ್ಲಾಯರಾಗಿದ್ದಾಗ ನನ್ನ ಜೊತೆಗೆ ಒಂದೇ ಕೋಣೆಯಲ್ಲಿ ಮಲಗುತ್ತಿದ್ದ ಗೆಳೆಯನೊಬ್ಬ ಧಣಿಯಿಂದ ಮುಂಗಡ ಎತ್ತಿ ಇಪ್ಪತ್ತೊಂದು ಗೇರಿನ ಸೈಕಲ್ಲು ಕೊಂಡ. ಮುಂದೆ ಸ್ಪ್ರಿಂಗು, ನಡುವೆ ಸ್ಪ್ರಿಂಗು. ಮೊದಲ ವಾರ ನಾವೆಲ್ಲ ಮುಟ್ಟಿ ಮುಟ್ಟಿ ನೋಡಿದೆವು. ಆಮೇಲೆ ಏನಾಯಿತು? ಮುಂಗಡ ತೀರಿಸಲು ಅವನು ರಜೆಯ ದಿನವೂ ದುಡಿದ. ಬೇರೆ ಹೋಟೆಲಿನಲ್ಲಿ ಎರಡು ಸಾವಿರ ಹೆಚ್ಚಿಗೆ ಕೊಡುತ್ತೇವೆಂದು ಕರೆದರು, ಹೋಗುವ ಹಾಗಿಲ್ಲ. ಧಣಿ ಬೈದರೆ ಎದುರು ಮಾತಾಡುವ ಹಾಗಿಲ್ಲ. ಸೈಕಲ್ಲನ್ನು ಯಾರಾದರೂ ಕದ್ದಾರೆಂದು ಮಲಗುವ ಕೋಣೆಯ ಮಾಡಿಗೆ ಹಗ್ಗದಲ್ಲಿ ತೂಗುಹಾಕಿದ್ದ. ರಾತ್ರಿ ನಾವು ಅದರ ಕೆಳಗೆ ಮಲಗುತ್ತಿದ್ದೆವು. ಹನ್ನೊಂದು ತಿಂಗಳಲ್ಲಿ ಅವನು ಅದನ್ನು ಹೊರಗೆ ಒಯ್ದದ್ದು ಆರು ಸಲ. ಕೊನೆಗೆ ಮೂರರಲ್ಲೊಂದು ಬೆಲೆಗೆ ಮಾರಿದ. ನಿಗದಿತ ಸಂಖ್ಯೆಯಷ್ಟು ಅಥವಾ ಹೆಚ್ಚು ಜನ ದುಡಿಯುವ ಹೋಟೆಲಿನಲ್ಲಿ ವಾರಕ್ಕೊಮ್ಮೆ ಸತತ 24 ಗಂಟೆಯ ರಜೆ ಕೊಡಬೇಕೆಂದು ಮಹಾರಾಷ್ಟ್ರದ 2017ರ ಅಂಗಡಿ ಕಾಯಿದೆ ಹೇಳುತ್ತದೆ. ಸಾಲ ಮಾಡಿದವನು ಆ ರಜೆಯನ್ನು ತಾನೇ ಮಾರಿಕೊಳ್ಳುತ್ತಾನೆ. ಅದಕ್ಕೇ ನಾನು ಜಾಮೀನು ನಿಲ್ಲಲಿಲ್ಲ, ತಮ್ಮಾ.

ಅದೇ ದಿನಗಳಲ್ಲಿ ನಾವು ಮೂರು ಜನ ಹಳೇ ಸೈಕಲ್ಲುಗಳಲ್ಲಿ ದೌಲತಾಬಾದಿನ ಘಾಟಿ ಹತ್ತಿ, ಖುಲ್ದಾಬಾದು ದಾಟಿ ವೇರುಳಕ್ಕೆ ಹೋಗುತ್ತಿದ್ದೆವು. ಊರಿನಿಂದ ಮೂವತ್ತು ಕಿಲೋಮೀಟರು. ಬೆಳಿಗ್ಗೆ ಐದಕ್ಕೆ ಬಿಟ್ಟರೆ ಬಿಸಿಲೇರುವ ಮುನ್ನ ಕೈಲಾಸ ದೇವಾಲಯದ ಮುಂದೆ. ಎಂಟನೆಯ ಶತಮಾನದಲ್ಲಿ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದಲ್ಲಿ ಒಂದೇ ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕಡಿದು ಮಾಡಿದ್ದು. ಆ ವಂಶದ ರಾಜಧಾನಿ ಮುಂದೆ ನಮ್ಮ ಕಲಬುರಗಿ ಜಿಲ್ಲೆಯ ಮಳಖೇಡವಾಯಿತು. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಬರೆದದ್ದು ಅವರ ಆಸ್ಥಾನದಲ್ಲೇ. ಗೋದಾವರಿ ಹುಟ್ಟುವುದು ನಾನು ಮೊದಲು ಸೈಕಲ್ಲು ತುಳಿದ ತ್ರ್ಯಂಬಕದಲ್ಲಿ. ಇಸ್ಕೂಲು ಬಿಟ್ಟವನಿಗೆ ಈ ಪಾಠ ಸಿಕ್ಕಿದ್ದು ಬಾಡಿಗೆ ಸೈಕಲ್ಲಿನ ಮೇಲೆ. ಖುಲ್ದಾಬಾದಿನಿಂದ ಮ್ಹೈಸಮಾಳ ಬೆಟ್ಟಕ್ಕೂ ಒಂದೆರಡು ಸಲ ಹೋದೆವು. ಏರು ಕಠಿಣ; ಕೊನೆಯ ಭಾಗ ತಳ್ಳಿದ್ದೇ ಹೆಚ್ಚು. ಸೈಕಲ್ಲು ತಳ್ಳುವುದು ನಾಚಿಕೆಯಲ್ಲ.

ಇನ್ನು ಉಪಯೋಗದ ಮಾತು ನಾಲ್ಕು. ನಮ್ಮ ಕರಿ ಸೈಕಲ್ಲಿಗೆ ಹಿಂದೆ ಸಾಮಾನ್ಯವಾಗಿ ಹದಿನೆಂಟು ಹಲ್ಲಿನ ಫ್ರೀವೀಲು ಇರುತ್ತದೆ. ಅದನ್ನು ತೆಗೆಸಿ ಇಪ್ಪತ್ತೆರಡು ಹಲ್ಲಿನದು ಹಾಕಿಸಿ, ಚೈನಿಗೆ ಬೇಕಾದರೆ ಒಂದು ಕೊಂಡಿ ಸೇರಿಸಿ. ಸಪಾಟು ರಸ್ತೆಯಲ್ಲಿ ವೇಗ ತಗ್ಗುತ್ತದೆ, ಏರಿನಲ್ಲಿ ಮೊಣಕಾಲು ಉಳಿಯುತ್ತದೆ. ಕಲ್ಲುಮಣ್ಣಿನ ದಾರಿಗೆ ಟಯರಿನ ಗಾಳಿ ಸ್ವಲ್ಪ ಇಳಿಸಿ. ತೀರ ಇಳಿಸಿದರೆ ಕಲ್ಲಿಗೆ ಬಡಿದು ಟ್ಯೂಬು ಹೋದೀತು. ಆ ಸೀಮೆಯದು ಎರೆಮಣ್ಣು. ಒಂದು ಮಳೆ ಬಿದ್ದರೆ ಮಡ್‌ಗಾರ್ಡಿಗೂ ಗಾಲಿಗೂ ನಡುವೆ ಹಿಟ್ಟಿನ ಹಾಗೆ ಕಚ್ಚಿ ಗಾಲಿ ತಿರುಗುವುದೇ ಇಲ್ಲ. ಅಂದು ಹೋಗಬೇಡಿ, ಹೋಗಲೇಬೇಕಾದರೆ ಮಡ್‌ಗಾರ್ಡು ಬಿಚ್ಚಿ. ಇಳಿಜಾರಿನಲ್ಲಿ ಎರಡೂ ಬ್ರೇಕು ಬಳಸಿ, ತಿರುವಿಗೆ ಮೊದಲೇ ನಿಧಾನಿಸಿ, ಮೈಯನ್ನು ಹಿಂದಕ್ಕೆ ತನ್ನಿ. ಸರಳಿನ ಬ್ರೇಕು ಒದ್ದೆಯಾದರೆ ಹಿಡಿಯದು ಎಂಬುದು ನೆನಪಿರಲಿ. ದುಡ್ಡು ಹಾಕುವುದಾದರೆ ಬ್ರೇಕಿನ ರಬ್ಬರಿಗೆ ಹಾಕಿ, ತಲೆಯ ಹೆಲ್ಮೆಟ್ಟಿಗೆ ಹಾಕಿ. ಇವೆರಡರಲ್ಲಿ ಮಾತ್ರ ಜಿಪುಣತನ ಬೇಡ. ದೊಡ್ಡ ಕಲ್ಲಿನ ಮೇಲಿಂದ ಹಾರುವ ಆಟ ನಮ್ಮ ಸೈಕಲ್ಲಿಗೆ ಆಗದು, ಚಿಮಟ ಬಗ್ಗುತ್ತದೆ. ಅಲ್ಲಿ ಇಳಿದು ನಡೆಯಿರಿ.

ಸಂಘದ ಕಚೇರಿಯ ಹಿಂದೆ ಈಗ ನಾಲ್ಕು ಸೈಕಲ್ಲುಗಳಿವೆ. ಎರಡಕ್ಕೆ ಬ್ರೇಕಿಲ್ಲ, ಒಂದಕ್ಕೆ ಸೀಟಿಲ್ಲ. ಸರಿ ಇರುವ ನಾಲ್ಕನೆಯದು ನನ್ನದು. ಬರುವ ತಿಂಗಳ ಎರಡನೆಯ ಮಂಗಳವಾರ ನಾಸಿಕಕ್ಕೆ ರೈಲಿನಲ್ಲಿ ಹೋಗಿ, ಅಲ್ಲಿ ಬಾಡಿಗೆಗೆ ಹಿಡಿದು, ಅಂಜನೇರಿಯ ಬುಡದವರೆಗೆ ಹೋಗಿ ಬರುವುದೆಂದು ಮಾತಾಡಿಕೊಂಡಿದ್ದೇವೆ. ಅಲ್ಲಿಯವರೆಗೆ ಅಭ್ಯಾಸಕ್ಕೆ ನನ್ನ ಸೈಕಲ್ಲನ್ನು ಹಿಂದಿನ ಸಾಲಿನ ಆ ತಮ್ಮನೇ ಒಯ್ಯಲಿ. ಉಳಿದ ಮೂರಕ್ಕೆ ರಬ್ಬರು, ಸೀಟು ಹಾಕಲು ಸ್ಪ್ಯಾನರು ಹಿಡಿಯಬಲ್ಲ ಗಿರಣಿಯ ಹಿರಿಯರು ಯಾರಾದರೂ ಬಂದರೆ ಭಾನುವಾರ ರಾತ್ರಿ ಹನ್ನೊಂದರ ಮೇಲೆ ನಾವೆಲ್ಲ ಕಚೇರಿಯಲ್ಲಿ ಇರುತ್ತೇವೆ. ಚಹಾ ನನ್ನದು.