ಮೋಟಾರಿನ ವಿಷಯದಲ್ಲಿ ಕೆಲವು ತಪ್ಪು ತಿಳಿವಳಿಕೆಗಳು



ಹೊಸ ಮೋಟಾರನ್ನು ಕೊಂಡವರು ಅದನ್ನು ದೇವಸ್ಥಾನದ ಮುಂದೆ ನಿಲ್ಲಿಸಿ, ಚಕ್ರಗಳ ಕೆಳಗೆ ನಿಂಬೆಹಣ್ಣನ್ನಿಟ್ಟು, ಅವುಗಳ ಮೇಲೆ ಗಾಡಿಯನ್ನು ಹರಿಸಿ ಮನೆಗೆ ತರುವುದು ನಮ್ಮ ತುಮಕೂರಿನಲ್ಲಿ ವಾಡಿಕೆ. ಇದನ್ನು ಹಾಸ್ಯಮಾಡುವುದು ನಮ್ಮ ಉದ್ದೇಶವಲ್ಲ. ನಿಂಬೆಹಣ್ಣಿನಿಂದ ಯಾರಿಗೂ ಕೇಡಾಗುವುದಿಲ್ಲ. ಕೇಡಾಗುವುದು, ವಿದ್ಯಾವಂತರೇ ಅನುಭವದ ಮಾತೆಂದು ನಂಬಿಕೊಂಡಿರುವ ಬೇರೆ ಕೆಲವು ಸಂಗತಿಗಳಿಂದ. ನಾವು ಕಾಲೇಜಿನಲ್ಲಿ ಪಾಠ ಹೇಳುವವರೇ ಹೊರತು ಯಂತ್ರಶಿಲ್ಪಿಗಳಲ್ಲ. ಆದರೂ ಈ ವಿಷಯವನ್ನು ಪರೀಕ್ಷಿಸಲು ಸಾಮಾನ್ಯವಾದ ಲೆಕ್ಕವೇ ಸಾಕು.

ಇಳಿಜಾರಿನಲ್ಲಿ ಗೇರನ್ನು ಬಿಡಿಸಿ ನ್ಯೂಟ್ರಲಿನಲ್ಲಿ ಗಾಡಿಯನ್ನು ಹರಿಯಬಿಟ್ಟರೆ ಪೆಟ್ರೋಲು ಉಳಿಯುವುದೆಂದು ಅನೇಕರು ಹೇಳುವುದುಂಟು. ಕಾರ್ಬ್ಯುರೇಟರಿನ ಕಾಲದಲ್ಲಿ ಇದರಲ್ಲಿ ಅಷ್ಟಿಷ್ಟು ನಿಜವಿದ್ದಿತು. ಈಗಿನ ಗಾಡಿಗಳಲ್ಲಾದರೋ, ಗೇರು ಇದ್ದಹಾಗೆಯೇ ಆಕ್ಸಿಲರೇಟರಿನ ಮೇಲಿಂದ ಕಾಲನ್ನು ತೆಗೆದರೆ ಎಂಜಿನ್ನಿಗೆ ಇಂಧನವು ಹೋಗುವುದೇ ನಿಂತುಬಿಡುತ್ತದೆ. ನ್ಯೂಟ್ರಲಿನಲ್ಲಿದ್ದರೆ ಎಂಜಿನ್ನನ್ನು ಆರದಂತೆ ಇಡುವುದಕ್ಕೆ ಇಂಧನವು ಬೇಕೇ ಬೇಕು. ಉಳಿತಾಯವಿಲ್ಲವೆಂಬುದು ಹಾಗಿರಲಿ, ಎಂಜಿನ್ನಿನ ಹಿಡಿತವೂ ತಪ್ಪಿ, ಎಲ್ಲ ಭಾರವೂ ಬ್ರೇಕಿನ ಮೇಲೆಯೇ ಬೀಳುತ್ತದೆ. ಕುಣಿಗಲಿನ ಮೇಲೆ ಹಾಸನವನ್ನು ದಾಟಿ ಮಂಗಳೂರಿಗೆ ಹೋಗತಕ್ಕವರು ಶಿರಾಡಿ ಘಾಟಿಯನ್ನು ಇಳಿಯಬೇಕಷ್ಟೆ. ಕಾದ ಬ್ರೇಕು ಅಲ್ಲಿ ಕೈಕೊಟ್ಟರೆ ಮುಂದಿನ ಕಥೆಯನ್ನು ಹೇಳಬೇಕಾಗಿಲ್ಲ. ಕುಣಿಗಲಿನಲ್ಲಿ ಟಿಪ್ಪುವಿನ ಕಾಲದಿಂದಲೂ ಕುದುರೆ ಸಾಕುತ್ತ ಬಂದಿದ್ದಾರೆ. ಕುದುರೆಯಾದರೆ ಪ್ರಪಾತವನ್ನು ಕಂಡು ತಾನಾಗಿಯೇ ಹಿಂಜರಿಯುತ್ತದೆ.

ಎರಡನೆಯದು ಸೀಟು ಬೆಲ್ಟಿನ ಮಾತು. "ಗುಬ್ಬಿಗೆ ತಾನೇ, ಇಷ್ಟು ದೂರಕ್ಕೆ ಏತಕ್ಕೆ?" ಎನ್ನುವರು. ತುಮಕೂರಿನಿಂದ ಗುಬ್ಬಿಗೆ ಸುಮಾರು 20 ಕಿಲೋಮೀಟರು. ಗಂಟೆಗೆ 60 ಕಿಲೋಮೀಟರಿನಂತೆ ಹೋದರೆ 20 ನಿಮಿಷ. 80ರಂತೆ ಹೋದರೆ 15 ನಿಮಿಷ. ಈ ಐದು ನಿಮಿಷಕ್ಕಾಗಿ ನಾವು ತೆರುವ ಬೆಲೆಯೇನು? ಚಲನೆಯ ಶಕ್ತಿಯು ವೇಗದ ವರ್ಗಕ್ಕೆ ಅನುಸಾರವಾಗಿ ಬೆಳೆಯುವುದರಿಂದ, ಡಿಕ್ಕಿಯಾದಾಗ ತಡೆಯಬೇಕಾದ ಶಕ್ತಿಯು ಮುಕ್ಕಾಲು ಪಾಲಿಗಿಂತಲೂ ಹೆಚ್ಚಾಗಿ ಏರುತ್ತದೆ. ಗಾಡಿಯು ಫಕ್ಕನೆ ನಿಂತರೂ, ಬೆಲ್ಟಿಲ್ಲದೆ ಒಳಗೆ ಕುಳಿತವನು ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತಾನೆ. ಹಿಂದಿನ ಆಸನದಲ್ಲಿ ಕುಳಿತವನಿಗೂ ಇದೇ ನಿಯಮ. ನಮ್ಮಲ್ಲಿ ಮನೆಯ ಹಿರಿಯರನ್ನೂ ಮಕ್ಕಳನ್ನೂ ಹಿಂದಿನ ಆಸನದಲ್ಲಿಯೇ ಕೂರಿಸುವುದು ಪದ್ಧತಿ. ಗೌರವಕ್ಕೆ ಪಾತ್ರರಾದವರಿಗೇ ರಕ್ಷಣೆಯಿಲ್ಲದಿರುವುದು ವಿಚಿತ್ರವಲ್ಲವೆ?

"ನಮ್ಮದು ಪರದೇಶದ ಭಾರಿ ಗಾಡಿ, ನಮಗೆ ಭಯವಿಲ್ಲ" ಎಂಬುದು ಮತ್ತೊಂದು ನಂಬಿಕೆ. 2022ರ ಸೆಪ್ಟೆಂಬರಿನಲ್ಲಿ, ಟಾಟಾ ಸಮೂಹದ ಅಧ್ಯಕ್ಷರಾಗಿದ್ದ ಸೈರಸ್ ಮಿಸ್ತ್ರಿಯವರು ಮುಂಬಯಿ-ಅಹಮದಾಬಾದು ಹೆದ್ದಾರಿಯಲ್ಲಿ ತೀರಿಕೊಂಡರು. ಗಾಡಿಯು ಮರ್ಸಿಡಿಸ್. ಹಿಂದಿನ ಆಸನದಲ್ಲಿದ್ದ ಇಬ್ಬರೂ ಬೆಲ್ಟು ಕಟ್ಟಿಕೊಂಡಿರಲಿಲ್ಲ, ಇಬ್ಬರೂ ಉಳಿಯಲಿಲ್ಲ. ಮುಂದಿದ್ದ ಇಬ್ಬರು ಗಾಯಗೊಂಡು ಬದುಕಿದರು.

ಪರದೇಶವೆಂಬ ಹೆಸರು ಪ್ರಯಾಣಿಕನನ್ನು ಕಾಯಲಾರದು. ಕಾರ್ಖಾನೆಯನ್ನು ಕೊಲ್ಲುವುದೂ ಆ ಹೆಸರಲ್ಲ. ಪರದೇಶದ ಪೈಪೋಟಿಯಿಂದ ನಮ್ಮ ಕೈಗಾರಿಕೆಗಳು ಹಾಳಾದುವೆಂದು ಹೇಳುವವರು ಅಂಬಾಸಡರಿನ ಚರಿತ್ರೆಯನ್ನು ನೋಡಬೇಕು. ಸ್ವದೇಶಿಯೆಂದು ನಾವು ಮೆಚ್ಚಿದ ಆ ಗಾಡಿಯೇ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಅಚ್ಚು. ದಶಕಗಳ ಕಾಲ ಸರ್ಕಾರದ ರಕ್ಷಣೆಯಿದ್ದುದರಿಂದ ಅದು ಬದಲಾಗಬೇಕಾದ ಅಗತ್ಯವೇ ಬೀಳಲಿಲ್ಲ. 1983ರಲ್ಲಿ ಮಾರುತಿ ಬಂದಿತು. 2014ರಲ್ಲಿ ಅಂಬಾಸಡರು ನಿಂತಿತು. ಮಾರುತಿಗೆ ಜಪಾನಿನ ಸುಜುಕಿಯ ವಿದ್ಯೆಯಿದ್ದುದು ದಿಟ. ಆದರೆ ಬಂಡವಾಳದಲ್ಲಿ ಹೆಚ್ಚಿನ ಪಾಲು ಆಗ ನಮ್ಮ ಸರ್ಕಾರದ್ದೇ ಆಗಿದ್ದಿತು.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮೂರಿನ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆ ಎಷ್ಟೋ ಸಂಸಾರಗಳಿಗೆ ಅನ್ನವಿತ್ತಿತು. ಎಚ್.ಎಂ.ಟಿ. ವಾಚಸ್ ಸಂಸ್ಥೆಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರವು ತೀರ್ಮಾನಿಸಿತು. ಅದನ್ನು ಹಿಂದೆಹಾಕಿದವರಾರು? ಸ್ವಿಟ್ಜರ್ಲೆಂಡಿನವರಲ್ಲ; ಹೊಸೂರಿನ ಟೈಟನ್. ಜನರು ಕ್ವಾರ್ಟ್ಸ್ ಗಡಿಯಾರಕ್ಕೆ ಒಲಿದಾಗ, ಕೀಲಿಕೊಡುವ ಗಡಿಯಾರವನ್ನೇ ಹೆಚ್ಚಾಗಿ ನೆಚ್ಚಿದ್ದು ಮುಳುವಾಯಿತು. ಆ ಕಾರ್ಖಾನೆಯಲ್ಲಿ ಕೈಚಳಕಕ್ಕೆ ಕೊರತೆಯಿರಲಿಲ್ಲವೆಂಬುದೇ ದುಃಖದ ಸಂಗತಿ.

ಪರದೇಶದವರು ಸದಾ ಗೆಲ್ಲುವರೆಂಬುದೂ ಸುಳ್ಳು. ಜನರಲ್ ಮೋಟಾರ್ಸಿನವರು 2017ರಲ್ಲಿ ಇಲ್ಲಿ ಮಾರಾಟವನ್ನು ನಿಲ್ಲಿಸಿದರು. ಫೋರ್ಡಿನವರು 2021ರಲ್ಲಿ ಇಲ್ಲಿ ಗಾಡಿ ತಯಾರಿಸುವುದನ್ನು ಕೈಬಿಡುವುದಾಗಿ ಸಾರಿದರು. ಅತ್ತ ನಮ್ಮ ನೆರೆಯ ಬಿಡದಿಯಲ್ಲಿ 1999ರಲ್ಲಿ ಕೆಲಸ ತೊಡಗಿದ ಟೊಯೋಟಾ, ಕಿರ್ಲೋಸ್ಕರರೊಡನೆ ಸೇರಿ ನೆಲೆನಿಂತಿದೆ. ಸರ್ ಎಂ. ವಿಶ್ವೇಶ್ವರಯ್ಯನವರು ಮೋಟಾರು ಕೈಗಾರಿಕೆಯನ್ನು ತಿಳಿಯಲೆಂದು 1935ರಲ್ಲಿ ಯೂರೋಪು ಅಮೆರಿಕಗಳನ್ನು ಸುತ್ತಿಬಂದರು. ಪರರ ವಿದ್ಯೆಯನ್ನು ಕಲಿಯುವುದಕ್ಕೆ ಅವರೆಂದೂ ನಾಚಲಿಲ್ಲ.

2025ರ ಜುಲೈಯಲ್ಲಿ ಬ್ರಿಟನ್ನಿನೊಡನೆ ಸಹಿಯಾದ ವಾಣಿಜ್ಯ ಒಪ್ಪಂದದಲ್ಲಿ, ಗೊತ್ತಾದ ಸಂಖ್ಯೆಯ ಗಾಡಿಗಳ ಮೇಲಿನ ಆಮದು ಸುಂಕವನ್ನು ಕ್ರಮವಾಗಿ ಶೇಕಡ 10ಕ್ಕೆ ಇಳಿಸುವ ಏರ್ಪಾಡಿದೆ. ಇದನ್ನು ಕೇಳಿ ಕೆಲವರು ಗಾಬರಿಗೊಂಡಿದ್ದಾರೆ. ಅಲ್ಲಿಯ ಹೆಸರಾಂತ ಜಾಗ್ವಾರ್ ಲ್ಯಾಂಡ್ ರೋವರ್ ಕಂಪೆನಿಯನ್ನು ಟಾಟಾದವರು 2008ರಲ್ಲಿಯೇ ಕೊಂಡಿರುವರು.